ಝಮೋರಾ: ಸ್ಪೇನ್‌ಗೆ ಹೋದವರು ಇಳಿಯದೇ ಬಿಡುವ ಊರನ್ನು ನೋಡುವುದು ಹೇಗೆ

ನಮ್ಮ ಕಡೆಯಿಂದ ಸ್ಪೇನ್‌ಗೆ ಹೋಗುವವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಬಾರ್ಸಿಲೋನಾ, ಮ್ಯಾಡ್ರಿಡ್, ಸೆವಿಲ್ಲೆ, ಗ್ರನಾಡಾ. ಇನ್ನೂ ಎರಡು ದಿನ ಉಳಿದರೆ ಟೊಲೆಡೊ ಅಥವಾ ಸೆಗೋವಿಯಾ. ಮ್ಯಾಡ್ರಿಡ್‌ನಿಂದ ರೈಲಿನಲ್ಲಿ ಒಂದು ಗಂಟೆ ಚಿಲ್ಲರೆ ದೂರದಲ್ಲಿರುವ ಝಮೋರಾದ ಹೆಸರು ಆ ಪಟ್ಟಿಗೆ ಸೇರುವುದೇ ಇಲ್ಲ. ಸ್ಪೇನಿನವರೇ ಎಷ್ಟೋ ಜನ ಈ ಊರನ್ನು ನೋಡಿಲ್ಲ. ವಾಯವ್ಯ ಸ್ಪೇನಿನ ಗಲೀಷಿಯಾಕ್ಕೆ ಹೋಗುವ ರೈಲಿನ ಕಿಟಕಿಯಿಂದ ನೋಡಿ ಮುಂದೆ ಹೋಗಿಬಿಡುತ್ತಾರೆ.

ದುಯೆರೊ ನದಿಯ ದಡದ ಬಂಡೆಯ ಮೇಲೆ ಕೂತಿರುವ ಊರು ಇದು. ಸುಮಾರು 60,000 ಜನ. ಪೋರ್ಚುಗಲ್ ಗಡಿ ಹತ್ತಿರ. 12ನೇ ಶತಮಾನದ ಮತ್ತು ಅದರ ಆಸುಪಾಸಿನ ರೋಮನೆಸ್ಕ್ (ದಪ್ಪ ಗೋಡೆ, ದುಂಡು ಕಮಾನಿನ ಮಧ್ಯಯುಗದ ಶೈಲಿ) ಚರ್ಚುಗಳು ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟೊಂದು ಇರುವ ಊರು ಯುರೋಪಿನಲ್ಲೇ ಸಿಗುವುದು ಕಷ್ಟ. ಆದರೆ ಯಾವುದೂ ಆಕಾರದಲ್ಲಿ ದೊಡ್ಡದಲ್ಲ. ಫೋಟೋದಲ್ಲಿ ನೋಡಿದರೆ ‘ಇಷ್ಟೇನಾ?’ ಅನ್ನಿಸುತ್ತದೆ. ಹಾಗಾಗಿ ಇಲ್ಲಿಗೆ ಬರುವ ಮುಂಚೆ ಸ್ವಲ್ಪ ತಯಾರಿ ಬೇಕು. ನನ್ನ ಸಲಹೆ ಇಷ್ಟು: ಬೆಳಿಗ್ಗೆ ಬಂದು ಸಂಜೆ ವಾಪಸ್ ಹೋಗುವ ಲೆಕ್ಕ ಬೇಡ. ಎರಡು ರಾತ್ರಿ ಉಳಿಯಿರಿ. ಎಲ್ಲಾ ಚರ್ಚುಗಳನ್ನೂ ಎಣಿಸುತ್ತಾ ಓಡುವ ಬದಲು ನಾಲ್ಕೈದನ್ನು ಸರಿಯಾಗಿ ನೋಡಿ.

1. ಯಾವಾಗ ಹೋಗಬೇಕು

ಏಪ್ರಿಲ್ ಕೊನೆಯಿಂದ ಜೂನ್ ತನಕ, ಇಲ್ಲದಿದ್ದರೆ ಸೆಪ್ಟೆಂಬರ್, ಅಕ್ಟೋಬರ್. ಇದು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಬಯಲುಸೀಮೆ. ಬೇಸಿಗೆ ಮಧ್ಯಾಹ್ನಗಳಲ್ಲಿ ಬಿಸಿಲು ಚುರುಕಾಗಿರುತ್ತದೆ. ಚಳಿಗಾಲದಲ್ಲಿ ನದಿಯ ಮಂಜು ಹಲವು ದಿನ ಊರಿನ ಮೇಲೆಯೇ ಕೂತಿರುತ್ತದೆ, ಚರ್ಚುಗಳು ತೆರೆದಿರುವ ಹೊತ್ತೂ ಕಡಿಮೆ. ವಸಂತದಲ್ಲಿ ಬಂದರೆ ಗೋಪುರಗಳ ತುದಿಯಲ್ಲಿ ಕೊಕ್ಕರೆಗಳು ಗೂಡು ಕಟ್ಟಿಕೊಂಡು ಕೊಕ್ಕು ಬಡಿಯುತ್ತಿರುತ್ತವೆ. ಜೂನ್ ಕೊನೆಯಲ್ಲಿ ಸಂತ ಪೀಟರ್ ಹಬ್ಬ. ಆಗ ಇಲ್ಲಿ ಬೆಳ್ಳುಳ್ಳಿ ಸಂತೆ, ಮಡಕೆ ಸಂತೆ ಎರಡೂ ನಡೆಯುತ್ತವೆ. ಜಡೆ ಹೆಣೆದ ಬೆಳ್ಳುಳ್ಳಿಯನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ಹೋಗುವ ಅಜ್ಜಂದಿರನ್ನು ನೋಡಬಹುದು.

ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಬೇರೆಯದೇ ಲೋಕ. ಅದನ್ನು ಕೊನೆಯಲ್ಲಿ ಪ್ರತ್ಯೇಕವಾಗಿ ಹೇಳುತ್ತೇನೆ. ಆ ಒಂದು ವಾರ ಈ ಊರನ್ನು ಯಾರೂ ಕಡೆಗಣಿಸುವುದಿಲ್ಲ, ಕಾಲಿಡಲು ಜಾಗ ಇರುವುದಿಲ್ಲ.

ವಾರದ ದಿನವೂ ಮುಖ್ಯ. ಸೋಮವಾರ ಮ್ಯೂಸಿಯಂಗಳಿಗೆ ರಜೆ, ಕೆಲವು ಚರ್ಚುಗಳೂ ಬಾಗಿಲು ಹಾಕಿರುತ್ತವೆ. ಗುರುವಾರ ಅಥವಾ ಶುಕ್ರವಾರ ಬಂದು ಭಾನುವಾರ ಹೊರಡುವುದು ಸರಿಯಾದ ಲೆಕ್ಕ.

2. ವೀಸಾ

ಭಾರತದ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾ ಬೇಕು. ಸ್ಪೇನ್ ಪರವಾಗಿ ಅರ್ಜಿ ತೆಗೆದುಕೊಳ್ಳುವುದು ಬಿಎಲ್‌ಎಸ್, ಬೆಂಗಳೂರಿನಲ್ಲೂ ಅವರ ಕೇಂದ್ರ ಇದೆ. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ನಿಯಮದ ಪ್ರಕಾರ 15 ದಿನ ಮುಂಚೆ ಸಾಕು, ಆದರೆ ಬೇಸಿಗೆ ರಜೆಯ ಹೊತ್ತಿಗೆ ಅಪಾಯಿಂಟ್‌ಮೆಂಟ್ ಸಿಗುವುದೇ ದೊಡ್ಡ ಕೆಲಸ. ಎರಡು ಮೂರು ತಿಂಗಳು ಮುಂಚೆಯೇ ಶುರುಮಾಡಿ. 2024ರ ಜೂನ್‌ನಿಂದ ದೊಡ್ಡವರಿಗೆ ವೀಸಾ ಶುಲ್ಕ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ ಕಡ್ಡಾಯ.

ಜಾಸ್ತಿ ರಾತ್ರಿ ಕಳೆಯುವ ದೇಶಕ್ಕೇ ಅರ್ಜಿ ಹಾಕಬೇಕು ಅನ್ನುವುದನ್ನು ಮರೆಯಬೇಡಿ. ಝಮೋರಾದಿಂದ ಪೋರ್ಚುಗಲ್‌ಗೆ ದಾಟುವ ಆಸೆ ಇದ್ದರೆ ಅದೇ ವೀಸಾ ಸಾಕು. ರಸ್ತೆಯಲ್ಲಿ ಗಡಿ ಬಂದದ್ದು ಫಲಕ ನೋಡಿದರೆ ಮಾತ್ರ ಗೊತ್ತಾಗುತ್ತದೆ.

3. ತಲುಪುವುದು

ಮ್ಯಾಡ್ರಿಡ್‌ನ ಚಮಾರ್ಟಿನ್ ಸ್ಟೇಷನ್‌ಗೆ ಹೋಗಿ. ಅತೋಚಾ ಅಲ್ಲ. ಹೊಸಬರು ಇಲ್ಲಿ ತಪ್ಪುವುದು ಸಾಮಾನ್ಯ, ಯಾಕೆಂದರೆ ಬಾರ್ಸಿಲೋನಾ, ಸೆವಿಲ್ಲೆ ಕಡೆಯ ರೈಲುಗಳು ಅತೋಚಾದಿಂದ ಹೊರಡುತ್ತವೆ. ಝಮೋರಾಕ್ಕೆ ಅತಿವೇಗದ ರೈಲು ಹಳಿ ಬಂದದ್ದು 2015ರ ಡಿಸೆಂಬರ್‌ನಲ್ಲಿ. ಟಿಕೆಟ್ ಸ್ಪೇನಿನ ರೈಲ್ವೆ ಕಂಪನಿ ರೆನ್ಫೆಯ ಆ್ಯಪ್‌ನಲ್ಲಿ ಸಿಗುತ್ತದೆ. ಮುಂಚಿತವಾಗಿ ತೆಗೆದರೆ ಕಡಿಮೆ, ಹೊರಡುವ ದಿನ ತೆಗೆದರೆ ಜಾಸ್ತಿ. ಸಾಮಾನು ಸ್ಕ್ಯಾನ್ ಆಗಬೇಕು, ರೈಲು ಹೊರಡುವ ಮುಂಚೆಯೇ ಗೇಟ್ ಮುಚ್ಚುತ್ತಾರೆ. ಅರ್ಧ ಗಂಟೆ ಮುಂಚೆ ಅಲ್ಲಿರಿ. ರೈಲಿನ ಘೋಷಣೆಯಲ್ಲಿ ಊರಿನ ಹೆಸರು ‘ಥಮೋರಾ’ ಅಂತ ಕೇಳಿಸುತ್ತದೆ, ಕಿವಿಗೊಟ್ಟಿರಿ.

ಸಲಮಾಂಕಾದಲ್ಲಿ ಇದ್ದರೆ ಬಸ್ಸೇ ಸುಲಭ. ಸುಮಾರು 65 ಕಿಲೋಮೀಟರ್, ಒಂದು ಗಂಟೆಯ ದಾರಿ.

ಇಳಿದ ಮೇಲೆ ಝಮೋರಾ ಸ್ಟೇಷನ್‌ನಿಂದ ಓಡಬೇಡಿ, ತಿರುಗಿ ನೋಡಿ. ಕಡೆದ ಕಲ್ಲಿನ ಗೋಪುರಗಳಿರುವ ಅರಮನೆಯಂಥ ಕಟ್ಟಡ. ನೋಡಿದರೆ 16ನೇ ಶತಮಾನದ್ದು ಅನ್ನಿಸುತ್ತದೆ. ಉದ್ಘಾಟನೆ ಆದದ್ದು 1958ರಲ್ಲಿ! ಅಲ್ಲಿಂದ ಊರಿನ ನಡುವಿನ ಪ್ಲಾಸಾ ಮಯೋರ್‌ಗೆ ಸುಮಾರು 20 ನಿಮಿಷದ ನಡಿಗೆ.

4. ಎಲ್ಲಿ ಉಳಿಯಬೇಕು

ಊರಿನ ಆಕಾರ ಮೊದಲು ಅರ್ಥವಾಗಬೇಕು. ಪೂರ್ವಕ್ಕೆ ಹೊಸ ಊರು, ಸ್ಟೇಷನ್. ಪಶ್ಚಿಮಕ್ಕೆ ಹೋದಂತೆ ದಿಣ್ಣೆ ಸಣ್ಣಗಾಗುತ್ತಾ ಹೋಗಿ, ತುದಿಯಲ್ಲಿ ಕ್ಯಾಥೆಡ್ರಲ್ ಮತ್ತು ಕೋಟೆ. ದಕ್ಷಿಣಕ್ಕೆ ಕೆಳಗೆ ನದಿ. ಇಡೀ ಹಳೇ ಊರು ಒಂದೇ ಉದ್ದನೆಯ ಬೀದಿಗೆ ಪೋಣಿಸಿದ ಹಾಗಿದೆ: ಸಾಂತಾ ಕ್ಲಾರಾ ಬೀದಿ, ಪ್ಲಾಸಾ ಮಯೋರ್, ಅಲ್ಲಿಂದ ರುವಾ ಬೀದಿ, ಕೊನೆಗೆ ಕ್ಯಾಥೆಡ್ರಲ್. ದಾರಿ ತಪ್ಪುವ ಪ್ರಶ್ನೆಯೇ ಇಲ್ಲ.

ಪ್ಲಾಸಾ ಮಯೋರ್ ಮತ್ತು ವಿರಿಯಾತೊ ಚೌಕದ ನಡುವೆ ಎಲ್ಲಿ ರೂಮ್ ಹಿಡಿದರೂ ಸರಿ. ಜೇಬಿಗೆ ತೊಂದರೆ ಇಲ್ಲದಿದ್ದರೆ ವಿರಿಯಾತೊ ಚೌಕದ ಪಾರಾದೋರ್. ಆಲ್ಬಾ ಮತ್ತು ಅಲಿಸ್ತೆ ಕೌಂಟ್‌ಗಳ ಹಳೇ ಅರಮನೆ ಅದು, ಈಗ ಸರ್ಕಾರಿ ಹೋಟೆಲ್. ಅಲ್ಲಿ ಉಳಿಯದಿದ್ದರೂ ಒಂದು ಕಾಫಿ ಕುಡಿಯುವ ನೆಪದಲ್ಲಿ ಒಳಗಿನ ತೊಟ್ಟಿಯನ್ನು ನೋಡಿ ಬರಬಹುದು. ಪವಿತ್ರ ವಾರ ಬಿಟ್ಟರೆ ಸಾಮಾನ್ಯ ಹೋಟೆಲ್‌ಗಳ ದರ ಮ್ಯಾಡ್ರಿಡ್‌ಗಿಂತ ಸಾಕಷ್ಟು ಕಡಿಮೆ.

5. ಊರಿನ ಗಡಿಯಾರಕ್ಕೆ ಹೊಂದಿಕೊಳ್ಳುವುದು

ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಹೆಚ್ಚುಕಡಿಮೆ ಎಲ್ಲವೂ ಮುಚ್ಚಿರುತ್ತದೆ. ಚರ್ಚು, ಅಂಗಡಿ, ಮ್ಯೂಸಿಯಂ ಎಲ್ಲಾ. ಜನ ಮನೆಗೆ ಹೋಗಿ ಊಟ ಮಾಡಿ ಮಲಗುತ್ತಾರೆ. ಒಂದು ದಿನದ ಭೇಟಿಗೆ ಬಂದವರು ಸರಿಯಾಗಿ ಈ ಹೊತ್ತಿನಲ್ಲಿ ಬಿಸಿಲಲ್ಲಿ ಅಲೆದು, ಮುಚ್ಚಿದ ಬಾಗಿಲು ನೋಡಿ, ‘ಈ ಊರಲ್ಲಿ ಏನೂ ಇಲ್ಲ’ ಅಂತ ಬೈದುಕೊಂಡು ರೈಲು ಹತ್ತುತ್ತಾರೆ.

ನೀವೂ ಊಟ ಮಾಡಿ ಮಲಗಿ. ಬೆಳಿಗ್ಗೆ ಹತ್ತರಿಂದ ಎರಡು, ಸಂಜೆ ಐದರ ನಂತರ ನಿಮ್ಮ ಸಮಯ. ರಾತ್ರಿ ಊಟ ಒಂಬತ್ತಕ್ಕೆ ಮುಂಚೆ ಸಿಗುವುದಿಲ್ಲ. ಮಕ್ಕಳಿದ್ದರೆ ಸಂಜೆಗೆ ಬ್ಯಾಗಿನಲ್ಲಿ ಏನಾದರೂ ತಿಂಡಿ ಇಟ್ಟುಕೊಂಡಿರಿ.

ಬಂದ ದಿನವೇ ಪ್ರವಾಸಿ ಮಾಹಿತಿ ಕಚೇರಿಗೆ ಹೋಗಿ ಆ ತಿಂಗಳ ಚರ್ಚುಗಳ ಸಮಯಪಟ್ಟಿ ಕೇಳಿ ತೆಗೆದುಕೊಳ್ಳಿ. ಋತುವಿಗೆ ತಕ್ಕಂತೆ ಅದು ಬದಲಾಗುತ್ತದೆ. ಅಂತರ್ಜಾಲದಲ್ಲಿ ಸಿಗುವ ಹಳೇ ಪಟ್ಟಿಗಿಂತ ಆ ಒಂದು ಹಾಳೆ ಮೇಲು. ಪಟ್ಟಿಯಲ್ಲಿ ಇಲ್ಲದ ಚರ್ಚಾದರೆ ಪ್ರಾರ್ಥನೆಗೆ ಅರ್ಧ ಗಂಟೆ ಮುಂಚೆ ಹೋಗಿ. ಬಾಗಿಲು ತೆರೆದಿರುತ್ತದೆ. ಪ್ರಾರ್ಥನೆ ಶುರುವಾದ ಮೇಲೆ ಮಾತ್ರ ಒಳಗೆ ಓಡಾಡಬೇಡಿ.

ಇನ್ನೊಂದು ವಿಷಯ. ಇಂಗ್ಲಿಷ್ ಬಲ್ಲವರು ಇಲ್ಲಿ ಕಮ್ಮಿ. ಭಾಷಾಂತರದ ಆ್ಯಪ್‌ನಲ್ಲಿ ಸ್ಪ್ಯಾನಿಷ್ ಅನ್ನು ಆಫ್‌ಲೈನ್ ಬಳಕೆಗೆ ಮೊದಲೇ ಇಳಿಸಿಕೊಂಡಿರಿ. ಯಾವುದೇ ಅಂಗಡಿಗೆ ಹೋದರೂ ಮೊದಲು ‘ಬುವೆನಾಸ್’ (ನಮಸ್ಕಾರ) ಅನ್ನಿ. ಅಷ್ಟಕ್ಕೇ ಮುಖ ಅರಳುತ್ತದೆ.

6. ಮೊದಲ ಸಂಜೆ: ನದಿಯ ಆಚೆ ದಡದಿಂದ

ಮೊದಲ ಸಂಜೆ ಯಾವ ಚರ್ಚಿನ ಒಳಗೂ ಹೋಗಬೇಡಿ. ಪ್ಲಾಸಾ ಮಯೋರ್‌ನಿಂದ ಬಾಲ್ಬೊರಾಸ್ ಬೀದಿ ಇಳಿಯಿರಿ. ಕಡಿದಾದ ಇಳಿಜಾರು, ಎರಡೂ ಕಡೆ ಬಣ್ಣಬಣ್ಣದ ಕಿರಿದಾದ ಮನೆಗಳು. ಮಳೆ ಬಂದಿದ್ದರೆ ಜಾರುತ್ತದೆ, ಒಳ್ಳೆ ಶೂ ಇರಲಿ. ಕೆಳಗೆ ನದಿ ಸಿಗುತ್ತದೆ. ಕಲ್ಲಿನ ಸೇತುವೆ ದಾಟಿ. ಇದು ಮಧ್ಯಯುಗದ ಸೇತುವೆ, ಹಿಂದೆ ಇದರ ಮೇಲೆ ಕಾವಲು ಗೋಪುರಗಳಿದ್ದವು. ಆಚೆ ದಡದಲ್ಲಿ ಪಶ್ಚಿಮಕ್ಕೆ ಹತ್ತು ನಿಮಿಷ ನಡೆದು ತಿರುಗಿ ನಿಂತರೆ ಇಡೀ ಊರು ಎದುರಿಗೆ ಬರುತ್ತದೆ. ಬಂಡೆ, ಅದರ ಮೇಲೆ ಗೋಡೆ, ಗೋಡೆಯ ಮೇಲೆ ಕ್ಯಾಥೆಡ್ರಲ್ ಗುಮ್ಮಟ. ಇಳಿಬಿಸಿಲು ಬಿದ್ದಾಗ ಕಲ್ಲಿಗೆ ಜೇನಿನ ಬಣ್ಣ ಬರುತ್ತದೆ.

ಇಲ್ಲಿ ನಿಂತು ಊರಿನ ಕಥೆ ಕೇಳಿದರೆ ಚೆನ್ನಾಗಿ ತಲೆಗೆ ಹೋಗುತ್ತದೆ. ರಾಜ ಮೊದಲನೇ ಫರ್ನಾಂಡೊ 1065ರಲ್ಲಿ ಸತ್ತಾಗ ರಾಜ್ಯವನ್ನು ಮಕ್ಕಳಿಗೆ ಹಂಚಿದ್ದ. ಝಮೋರಾ ಮಗಳು ಉರ್ರಾಕಾಳ ಪಾಲಿಗೆ ಬಂತು. ಹಿರಿಯ ಮಗ ಸಾಂಚೊಗೆ ಈ ಹಂಚಿಕೆ ಒಪ್ಪಿಗೆ ಇರಲಿಲ್ಲ. ತಮ್ಮಂದಿರ ಪಾಲು ಕಿತ್ತುಕೊಂಡು, 1072ರಲ್ಲಿ ಅಕ್ಕನ ಊರಿಗೆ ಮುತ್ತಿಗೆ ಹಾಕಿದ. ಅವನ ಜೊತೆ ಇದ್ದವನು ಮುಂದೆ ಎಲ್ ಸಿಡ್ ಎಂದು ಸ್ಪೇನಿನ ವೀರಗಾಥೆಗಳಲ್ಲಿ ಪ್ರಸಿದ್ಧನಾದ ರೊದ್ರಿಗೊ ದಿಯಾಸ್. ತಿಂಗಳುಗಟ್ಟಲೆ ಕಾದರೂ ಗೋಡೆ ಬೀಳಲಿಲ್ಲ. ‘ಝಮೋರಾವನ್ನು ಒಂದು ಗಂಟೆಯಲ್ಲಿ ಗೆಲ್ಲಲಿಲ್ಲ’ ಅನ್ನುವ ಗಾದೆ ಸ್ಪ್ಯಾನಿಷ್‌ನಲ್ಲಿ ಇವತ್ತಿಗೂ ಇದೆ. ಕೊನೆಗೆ ವೆಯಿದೊ ದೊಲ್ಫೊಸ್ ಎಂಬಾತ ಊರು ಬಿಟ್ಟು ಬಂದವನಂತೆ ನಟಿಸಿ, ಸಾಂಚೊನ ನಂಬಿಕೆ ಗಳಿಸಿ, ಅವನನ್ನು ಕೊಂದು, ಗೋಡೆಯ ಸಣ್ಣ ಬಾಗಿಲಿನಿಂದ ಒಳಗೆ ಓಡಿಹೋದ ಎಂದು ಕಥೆ. ಆ ಬಾಗಿಲು ಕೋಟೆಯ ಹತ್ತಿರ ಈಗಲೂ ಇದೆ. ಶತಮಾನಗಳ ಕಾಲ ಅದರ ಹೆಸರು ‘ದ್ರೋಹದ ಬಾಗಿಲು’. ಊರಿನವರಿಗೆ ಇದು ಸರಿ ಕಾಣಲಿಲ್ಲ, ನಮ್ಮ ಊರು ಉಳಿಸಿದವನು ದ್ರೋಹಿ ಹೇಗಾಗುತ್ತಾನೆ, ಅಲ್ವಾ? ಇತ್ತೀಚಿನ ವರ್ಷಗಳಲ್ಲಿ ಅದನ್ನು ‘ನಿಷ್ಠೆಯ ಬಾಗಿಲು’ ಎಂದು ಬದಲಿಸಿದರು.

7. ರೋಮನೆಸ್ಕ್ ಚರ್ಚನ್ನು ನೋಡುವ ಕ್ರಮ

ಬೇಲೂರು ಹಳೇಬೀಡು ನೋಡಿ ಬೆಳೆದ ಕಣ್ಣಿಗೆ ಈ ಚರ್ಚುಗಳು ಮೊದಲ ನೋಟಕ್ಕೆ ಖಾಲಿ ಗೋಡೆ ಅನ್ನಿಸಬಹುದು. ಅಲ್ಲಿ ಶಿಲ್ಪ ಇಲ್ಲದ ಅಂಗುಲ ಹುಡುಕಬೇಕು, ಇಲ್ಲಿ ಶಿಲ್ಪ ಇರುವ ಜಾಗ ಹುಡುಕಬೇಕು. ಹೆಚ್ಚುಕಡಿಮೆ ಒಂದೇ ಕಾಲದವು, ಆದರೆ ನೋಡುವ ರೀತಿ ಬೇರೆ.

ಮೊದಲು ಹೊರಗೆ ಒಂದು ಸುತ್ತು ಬನ್ನಿ. ಪೂರ್ವದ ತುದಿಯಲ್ಲಿ ಅರ್ಧಚಂದ್ರದ ಗೋಡೆ ಅಥವಾ ಚೌಕ ಗೋಡೆ ಇರುತ್ತದೆ, ಬಲಿಪೀಠ ಇರುವುದು ಅದರ ಒಳಗೆ. ಆಮೇಲೆ ತಲೆಯೆತ್ತಿ ಸೂರಿನ ಅಂಚು ನೋಡಿ. ಅಲ್ಲಿ ಸಾಲಾಗಿ ಚಾಚಿಕೊಂಡಿರುವ ಕಲ್ಲಿನ ತುಂಡುಗಳ ಮೇಲೆ ಮುಖ, ಪ್ರಾಣಿ, ಎಲೆ, ಕೆಲವೊಮ್ಮೆ ತುಂಟ ಚಿತ್ರ. ಚಿಕ್ಕ ಬೈನಾಕ್ಯುಲರ್ ಇದ್ದರೆ ಬಹಳ ಒಳ್ಳೆಯದು, ಇಲ್ಲದಿದ್ದರೆ ಫೋನಿನ ಜೂಮ್. ಮೂರನೆಯದು ಬಾಗಿಲು. ಒಂದರೊಳಗೊಂದು ಕೂತ ಕಮಾನುಗಳನ್ನು ಹೊರಗಿನಿಂದ ಒಳಕ್ಕೆ ಒಂದೊಂದಾಗಿ ನೋಡಿ. ಒಳಗೆ ಹೋದ ಮೇಲೆ ಎರಡು ನಿಮಿಷ ಸುಮ್ನೆ ನಿಲ್ಲಿ. ಕಿಟಕಿ ಕಿರಿದು, ಕತ್ತಲೆ ಜಾಸ್ತಿ. ಕಣ್ಣು ಹೊಂದಿಕೊಂಡ ಮೇಲಷ್ಟೇ ಕಂಬದ ತಲೆಯ ಶಿಲ್ಪಗಳು ಹೊರಬರುತ್ತವೆ.

8. ಎರಡನೇ ದಿನ ಬೆಳಿಗ್ಗೆ: ಕ್ಯಾಥೆಡ್ರಲ್, ಕೋಟೆ, ಒಲಿವಾರೆಸ್

ಬಾಗಿಲು ತೆರೆಯುವ ಹೊತ್ತಿಗೇ ಕ್ಯಾಥೆಡ್ರಲ್‌ಗೆ ಹೋಗಿ. ಕೆಲಸ ಶುರುವಾದದ್ದು 1151ರಲ್ಲಿ, 1174ಕ್ಕೆ ಪ್ರತಿಷ್ಠೆ ಆಯಿತು. ತಲೆಮಾರುಗಟ್ಟಲೆ ಎಳೆಯುತ್ತಿದ್ದ ಆ ಕಾಲದಲ್ಲಿ ಇದು ಭಾರೀ ವೇಗ. ಗುಮ್ಮಟವೇ ಇಲ್ಲಿನ ಮುಖ್ಯ ವಿಷಯ. ಮೀನಿನ ಹುರುಪೆಯ ಹಾಗೆ ಜೋಡಿಸಿದ ಕಲ್ಲು, ಸುತ್ತ 16 ಕಿಟಕಿ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಗೋಪುರ. ಸ್ಪೇನಿನ ಉಳಿದ ಕಡೆಯ ರೋಮನೆಸ್ಕ್‌ಗೆ ಇದು ಹೋಲುವುದಿಲ್ಲ, ಪೂರ್ವದ ಬೈಜಾಂಟಿಯಂ (ಈಗಿನ ಇಸ್ತಾಂಬುಲ್) ಕಡೆಯ ಗಾಳಿ ಬೀಸಿದಂತಿದೆ. ಸಲಮಾಂಕಾದ ಹಳೇ ಕ್ಯಾಥೆಡ್ರಲ್ ಮತ್ತು ತೋರೊ ಊರಿನ ಚರ್ಚಿನಲ್ಲಿ ಇದೇ ಬಳಗದ ಗುಮ್ಮಟಗಳಿವೆ.

ಉತ್ತರದ ದೊಡ್ಡ ಬಾಗಿಲು ಬೆಂಕಿ ಅನಾಹುತದ ನಂತರ ಬಂದದ್ದು, ಸಪ್ಪೆ. ಅದನ್ನು ನೋಡಿ ನಿರಾಸೆ ಪಡಬೇಡಿ. ದಕ್ಷಿಣಕ್ಕೆ ಸುತ್ತಿ ಬಂದು ‘ಬಿಷಪ್ ಬಾಗಿಲು’ ನೋಡಿ. 12ನೇ ಶತಮಾನದ ಮುಖ ಉಳಿದಿರುವುದು ಅಲ್ಲಿ ಮಾತ್ರ. ಒಳಗೆ ಗುಮ್ಮಟದ ಅಡಿಯಲ್ಲಿ ನಿಂತು ಮೇಲೆ ನೋಡಿದ ಮೇಲೆ ಗಾಯಕರ ಮರದ ಆಸನಗಳ ಹತ್ತಿರ ಹೋಗಿ. 16ನೇ ಶತಮಾನದ ಆರಂಭದಲ್ಲಿ ಬ್ರಸೆಲ್ಸ್ ಮೂಲದ ಹುವಾನ್ ದೆ ಬ್ರುಸೆಲಾಸ್ ಕಡೆದದ್ದು. ಮೇಲ್ಭಾಗದಲ್ಲಿ ಸಂತರು, ಪ್ರವಾದಿಗಳು. ಕೆಳಗೆ, ಕೂರುವ ಜಾಗದ ಆಸುಪಾಸಿನಲ್ಲಿ, ಸನ್ಯಾಸಿಗಳನ್ನೇ ಗೇಲಿ ಮಾಡುವ ಚಿತ್ರಗಳು. ಚರ್ಚಿನ ದುಡ್ಡಲ್ಲೇ ಚರ್ಚನ್ನು ಕಿಚಾಯಿಸಿದ್ದಾನೆ.

ಟಿಕೆಟ್‌ನಲ್ಲಿ ಮ್ಯೂಸಿಯಂ ಕೂಡ ಸೇರಿದೆ. ಬಹಳ ಜನ ಸುಸ್ತಾಗಿ ಅದನ್ನು ಬಿಟ್ಟು ಹೋಗುತ್ತಾರೆ. ಬಿಡಬೇಡಿ. ಫ್ಲಾಂಡರ್ಸ್‌ನಲ್ಲಿ ನೇಯ್ದ ದೊಡ್ಡ ದೊಡ್ಡ ಗೋಡೆ ಹಾಸುಗಳಿವೆ. 15ನೇ ಶತಮಾನದ ಟ್ರಾಯ್ ಯುದ್ಧದ ಸರಣಿಯ ಎದುರು ಕಾಲು ಗಂಟೆಯಾದರೂ ಕೂರಿ. ಗ್ರೀಕರು, ಟ್ರೋಜನ್ನರು ಎಲ್ಲರೂ ಮಧ್ಯಯುಗದ ಯುರೋಪಿನ ಕವಚ ತೊಟ್ಟು ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. ಒಂದೇ ಬಟ್ಟೆಯಲ್ಲಿ ಮೂರು ನಾಲ್ಕು ಘಟನೆ ನಡೆಯುತ್ತಿರುತ್ತವೆ. ಯಾರು ಯಾರೆಂದು ಗುರುತು ಹಿಡಿಯುವುದೇ ಆಟ. ನನ್ನನ್ನು ಕೇಳಿದರೆ ಈ ಊರಿನ ಅತ್ಯಮೂಲ್ಯ ವಸ್ತು ಇದೇ.

ಕ್ಯಾಥೆಡ್ರಲ್ ಹಿಂದೆಯೇ ಕೋಟೆ. ಒಳಗೆ ಗೋಡೆ ಹತ್ತಿ ಓಡಾಡಬಹುದು. ಪಕ್ಕದಲ್ಲಿ ಬಾಲ್ತಸಾರ್ ಲೋಬೊ ಮ್ಯೂಸಿಯಂ. ಈ ಜಿಲ್ಲೆಯ ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿ, ಸ್ಪೇನಿನ ಅಂತರ್ಯುದ್ಧದ ನಂತರ ಪ್ಯಾರಿಸ್ ಸೇರಿ ಅಲ್ಲೇ ಬದುಕಿದ ಶಿಲ್ಪಿ. ತಾಯಿ ಮಗುವಿನ ನುಣುಪಾದ ಶಿಲ್ಪಗಳು ಚೆನ್ನಾಗಿವೆ.

ನಿಷ್ಠೆಯ ಬಾಗಿಲಿನಿಂದ ಹೊರಗೆ ಇಣುಕಿದರೆ ಬಯಲಿನಲ್ಲಿ ಒಂಟಿಯಾಗಿ ಒಂದು ಪುಟಾಣಿ ಚರ್ಚು ಕಾಣುತ್ತದೆ, ಸಾಂತಿಯಾಗೊ ದೆ ಲೋಸ್ ಕಬಯೇರೋಸ್. ಎಲ್ ಸಿಡ್‌ಗೆ ವೀರದೀಕ್ಷೆ ಕೊಟ್ಟದ್ದು ಇಲ್ಲೇ ಎಂದು ಲಾವಣಿಗಳು ಹೇಳುತ್ತವೆ.

ಅಲ್ಲಿಂದ ನದಿ ಕಡೆ ಇಳಿದರೆ ಒಲಿವಾರೆಸ್. ಹಳ್ಳಿಯಂಥ ಬಡಾವಣೆ. ಸಾನ್ ಕ್ಲೌದಿಯೊ ಚರ್ಚಿನ ಬಾಗಿಲ ಕಮಾನಿನಲ್ಲಿ ವರ್ಷದ ತಿಂಗಳುಗಳ ಕೆಲಸಗಳನ್ನು ಕಡೆದಿದ್ದಾರೆ. ಕಲ್ಲು ಸವೆದಿದೆ, ತಾಳ್ಮೆಯಿಂದ ನೋಡಬೇಕು. ಒಳಗಿನ ಕಂಬಗಳ ಶಿಲ್ಪ ಊರಿನಲ್ಲೇ ಶ್ರೇಷ್ಠ. ಹತ್ತು ಹೆಜ್ಜೆಯಲ್ಲಿ ನದಿ, ಅದರೊಳಗೆ ಹಡಗಿನ ಮೂತಿಯ ಹಾಗೆ ಚಾಚಿದ ಕಲ್ಲಿನ ನೀರಿನ ಗಿರಣಿಗಳು. ಹಿಟ್ಟು ಬೀಸುವುದು, ಉಣ್ಣೆ ಬಟ್ಟೆ ಕುಟ್ಟುವುದು ಎಲ್ಲಾ ನೀರಿನ ಬಲದಿಂದಲೇ ಹೇಗೆ ನಡೆಯುತ್ತಿತ್ತು ಎಂದು ಒಳಗೆ ತೋರಿಸುತ್ತಾರೆ. ಮಕ್ಕಳಿಗೆ ಕ್ಯಾಥೆಡ್ರಲ್‌ಗಿಂತ ಇದೇ ಹಿಡಿಸುತ್ತದೆ.

9. ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಇದು ಮಾಂಸದ ಸೀಮೆ. ಊರಿನ ಹೆಸರು ಹೊತ್ತ ‘ಝಮೋರಾ ಅನ್ನ’ದಲ್ಲೂ ಹಂದಿಯ ಕಿವಿ, ಮೂತಿ, ಕಾಲು ಇರುತ್ತದೆ. ‘ಅನ್ನ’ ಅಂತ ಖುಷಿಪಟ್ಟು ಆರ್ಡರ್ ಮಾಡಿಬಿಡಬೇಡಿ. ‘ಸೊಯ್ ವೆಹೆತಾರಿಯಾನೊ’ (ನಾನು ಸಸ್ಯಾಹಾರಿ) ಅಂದರೆ ಸಾಲದು, ಹೆಂಗಸರಾದರೆ ‘ವೆಹೆತಾರಿಯಾನಾ’. ಜೊತೆಗೆ ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್’ ಎಂದು ಬಿಡಿಸಿ ಹೇಳಿ. ಮಾಂಸ ಬೇಡ, ಮೀನು ಬೇಡ, ಹಮೋನೂ ಬೇಡ. ಹಮೋನ್ ಎಂಬ ಒಣಗಿಸಿದ ಹಂದಿ ತೊಡೆಯನ್ನು ಇಲ್ಲಿ ಒಗ್ಗರಣೆಯ ಲೆಕ್ಕಕ್ಕೆ ಹಾಕುತ್ತಾರೆ, ಮಾಂಸ ಅಂತ ಎಣಿಸುವುದೇ ಇಲ್ಲ.

ತಿನ್ನಲು ಸಿಗುವುದು: ಆಲೂಗಡ್ಡೆ ಮೊಟ್ಟೆಯ ತೋರ್ತಿಯಾ, ಹುರಿದ ಅಣಬೆ, ಹಸಿರು ಮೆಣಸಿನಕಾಯಿ, ಸಲಾಡ್, ಬ್ರೆಡ್, ಚೀಸ್. ಈ ಜಿಲ್ಲೆಯ ಫುವೆಂತೆಸೌಕೊ ಕಡಲೆ ಪ್ರಸಿದ್ಧ, ಆದರೆ ಸಾಮಾನ್ಯವಾಗಿ ಮಾಂಸದ ಜೊತೆಯೇ ಬೇಯಿಸುತ್ತಾರೆ. ಕಡಲೆಯನ್ನು ಅಂಗಡಿಯಲ್ಲಿ ಕೊಂಡು ಮನೆಗೆ ತಂದು ಉಸಲಿ ಮಾಡುವುದೇ ಜಾಣತನ. ಝಮೋರಾ ಚೀಸ್ ಕುರಿ ಹಾಲಿನದು, ಕನಿಷ್ಠ 100 ದಿನ ಮಾಗಿಸಿದ್ದು. ಗಟ್ಟಿ, ಸ್ವಲ್ಪ ಖಾರದ ಚುರುಕು. ಹಾಲು ಒಡೆಸಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ, ಕಟ್ಟುನಿಟ್ಟಿನ ಸಸ್ಯಾಹಾರಿಗಳು ಗಮನಿಸಿ.

ಮಾಂಸ ತಿನ್ನುವವರಿಗೆ ಚಿಂತೆ ಇಲ್ಲ. ಪ್ಲಾಸಾ ಮಯೋರ್ ಹತ್ತಿರದ ಲೋಸ್ ಎರ್ರೇರೋಸ್ ಬೀದಿಯಲ್ಲಿ ಬಾರ್‌ಗಳ ಸಾಲು. ನಿಂತುಕೊಂಡೇ ಒಂದು ಕಡ್ಡಿ ಮಾಂಸ, ಒಂದು ಲೋಟ ತೋರೊ ವೈನ್, ಮತ್ತೆ ಪಕ್ಕದ ಬಾರ್. ತೋರೊ ವೈನ್ ಗಾಢ, ಬಲ ಜಾಸ್ತಿ, ಖಾಲಿ ಹೊಟ್ಟೆಯಲ್ಲಿ ಬೇಡ. ಸಿಹಿಗೆ ರೆಬೊಹೊ ಎಂಬ ಮೆತ್ತನೆಯ ಬನ್ ಇದೆ. ಬೆಳಿಗ್ಗೆ ಕಾಫಿಗೆ ಅದ್ದಿ ತಿನ್ನುತ್ತಾರೆ.

10. ಎರಡನೇ ದಿನ ಸಂಜೆ: ಒಳಗಿನ ಚರ್ಚುಗಳು

ನಿದ್ದೆ ಮುಗಿಸಿ ಐದರ ಮೇಲೆ ರುವಾ ಬೀದಿಯ ಲಾ ಮಗ್ದಲೆನಾ ಚರ್ಚಿಗೆ ಹೋಗಿ. ದಕ್ಷಿಣ ಬಾಗಿಲಿನ ಕಮಾನಿನ ಎಲೆಗಳ ನಡುವೆ ಪುಟ್ಟ ತಲೆಗಳು ಅಡಗಿವೆ, ಹುಡುಕಿ. ಒಳಗೆ ಒಬ್ಬ ಹೆಂಗಸಿನ ಸಮಾಧಿ. ಮಂಚದ ಮೇಲೆ ಮಲಗಿದ್ದಾಳೆ. ಮೇಲೆ ಇಬ್ಬರು ದೇವದೂತರು ಅವಳ ಆತ್ಮವನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಚಪ್ಪರದಂಥ ಕಲ್ಲಿನ ಮಂಟಪದಲ್ಲಿ ಮೃಗಗಳ ಕಾದಾಟ. ಇಷ್ಟು ಚೆಂದದ ಸಮಾಧಿ ಯಾರದು ಎಂದು ಯಾರಿಗೂ ಗೊತ್ತಿಲ್ಲ, ಹೆಸರು ಕೆತ್ತಿಲ್ಲ.

ಆಮೇಲೆ ಸಾಂತಾ ಮರಿಯಾ ಲಾ ನುವೆವಾ. ಇದರ ಕಥೆ ಒಂದು ಮೀನಿನ ಜಗಳದಿಂದ ಶುರುವಾಗುತ್ತದೆ. 1158ರಲ್ಲಿ ಸಂತೆಯಲ್ಲಿದ್ದ ಒಂದು ಟ್ರೌಟ್ ಮೀನಿಗೆ ಚಮ್ಮಾರನ ಮಗನೂ ಶ್ರೀಮಂತನ ಆಳೂ ಕಿತ್ತಾಡಿದರಂತೆ. ಮೊದಲು ಕೊಳ್ಳುವ ಹಕ್ಕು ತಮ್ಮದೆಂದು ಶ್ರೀಮಂತರ ವಾದ. ಅವರು ಸಭೆ ಸೇರಿದ್ದ ಚರ್ಚಿಗೆ ಊರ ಜನ ಹೊರಗಿನಿಂದ ಬಾಗಿಲು ಹಾಕಿ ಬೆಂಕಿ ಇಟ್ಟರು. ಆಮೇಲೆ ಹೆಂಡತಿ ಮಕ್ಕಳೊಂದಿಗೆ ಪೋರ್ಚುಗಲ್ ಗಡಿಯತ್ತ ನಡೆದು, ಕ್ಷಮೆ ಕೊಡದಿದ್ದರೆ ಆ ಕಡೆಗೇ ಹೋಗಿಬಿಡುತ್ತೇವೆ ಎಂದು ರಾಜನಿಗೆ ಹೇಳಿ ಕಳಿಸಿದರು. ಜನ ಇಲ್ಲದ ಊರು ಯಾರಿಗೆ ಬೇಕು? ರಾಜ ಕ್ಷಮಿಸಿದ. ಸುಟ್ಟ ಚರ್ಚನ್ನು ಮತ್ತೆ ಕಟ್ಟಿದ್ದಕ್ಕೇ ‘ಹೊಸ’ ಎಂಬ ಹೆಸರು. ಇದರಲ್ಲಿ ದಂತಕಥೆ ಎಷ್ಟು, ಇತಿಹಾಸ ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ.

ಸಮಯ ಇದ್ದರೆ ಸಾಂತಾ ಕ್ಲಾರಾ ಬೀದಿಯ ಸಾಂತಿಯಾಗೊ ದೆಲ್ ಬುರ್ಗೊ. ಬಾಗಿಲಿನಲ್ಲಿ ನಡುಗಂಬವೇ ಇಲ್ಲದ ಜೋಡಿ ಕಮಾನು ಗಾಳಿಯಲ್ಲಿ ತೂಗಾಡುತ್ತಿದೆ. ಅದೇ ಬೀದಿಯಲ್ಲಿ 20ನೇ ಶತಮಾನದ ಆರಂಭದ ಅಲಂಕಾರದ ಮನೆಗಳಿವೆ. ಬಾರ್ಸಿಲೋನಾ ಕಡೆಯಿಂದ ಬಂದ ಫ್ರಾನ್ಸೆಸ್ಕ್ ಫೆರ್ರಿಯೋಲ್ ಇಲ್ಲಿ ನಗರಸಭೆಯ ವಾಸ್ತುಶಿಲ್ಪಿಯಾಗಿದ್ದಾಗ ಕಟ್ಟಿಸಿದವು ಹಲವು. ಮಳೆ ಬಂದರೆ ಕಸ್ತೀಯಾ ಲೆಯೋನ್ ಜಾನಪದ ವಸ್ತುಗಳ ಮ್ಯೂಸಿಯಂಗೆ ನುಗ್ಗಿ. ನೇಗಿಲು, ಕುರುಬರ ಕೋಲು, ಮುಖವಾಡ, ತೊಟ್ಟಿಲು, ಎಲ್ಲಾ ಸೊಗಸಾಗಿ ಜೋಡಿಸಿದ್ದಾರೆ.

ವಿರಿಯಾತೊ ಚೌಕ ದಾಟುವಾಗ ನಮಗೆ ಸಂಬಂಧಪಟ್ಟ ಒಂದು ವಿಷಯ ನೆನಪಿರಲಿ. 1143ರಲ್ಲಿ ಇದೇ ಊರಿನಲ್ಲಿ ಲೆಯೋನ್ ರಾಜ್ಯದ ದೊರೆ ಏಳನೇ ಅಲ್ಫೊನ್ಸೊ ಮತ್ತು ಪೋರ್ಚುಗಲ್‌ನ ಅಫೊನ್ಸೊ ಎನ್ರಿಕೆಶ್ ಸಂಧಿಸಿದರು. ಎನ್ರಿಕೆಶ್‌ನನ್ನು ರಾಜನೆಂದು ಲೆಯೋನ್ ಒಪ್ಪಿತು, ಪೋರ್ಚುಗಲ್ ಎಂಬ ರಾಜ್ಯಕ್ಕೆ ಮಾನ್ಯತೆ ಸಿಕ್ಕಿತು. ಅದೇ ಪೋರ್ಚುಗಲ್ 1510ರಲ್ಲಿ ಗೋವಾ ಹಿಡಿದದ್ದು, ಉಳ್ಳಾಲದ ಅಬ್ಬಕ್ಕನ ಜೊತೆ ಕಾದಾಡಿದ್ದು.

11. ಮೂರನೇ ದಿನ: ಸಾನ್ ಪೆದ್ರೊ ದೆ ಲಾ ನಾವೆ ಅಥವಾ ತೋರೊ

ಒಂದನ್ನೇ ಆರಿಸಬೇಕಾದರೆ ಸಾನ್ ಪೆದ್ರೊ ದೆ ಲಾ ನಾವೆ. ಊರಿನಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಎಲ್ ಕಂಪೀಯೊ ಹಳ್ಳಿಯಲ್ಲಿದೆ. ಅರಬ್ಬರು ಸ್ಪೇನ್‌ಗೆ ಬರುವ ಮುಂಚಿನದು, 7ನೇ ಶತಮಾನದ ಕೊನೆಯಲ್ಲಿ ಸ್ಪೇನನ್ನು ಆಳುತ್ತಿದ್ದ ವಿಸಿಗಾಥ್ ಜನರ ಕಾಲದ ಚರ್ಚು ಎಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಕಂಬದ ತಲೆಯಲ್ಲಿ ಸಿಂಹಗಳ ಗುಹೆಯಲ್ಲಿ ಕೈಯೆತ್ತಿ ನಿಂತ ದಾನಿಯೇಲ, ಮಗನನ್ನು ಬಲಿ ಕೊಡಲು ಹೊರಟ ಅಬ್ರಹಾಮ. ಮಕ್ಕಳು ಬರೆದ ಚಿತ್ರದಷ್ಟು ಸರಳ, ಮರೆಯಲು ಆಗುವುದಿಲ್ಲ.

ಮೂಲದಲ್ಲಿ ಇದು ಎಸ್ಲಾ ನದಿಯ ದಡದಲ್ಲಿತ್ತು. ರಿಕೊಬಾಯೊ ಅಣೆಕಟ್ಟಿನ ನೀರಿನಲ್ಲಿ ಮುಳುಗುತ್ತದೆ ಎಂದಾದಾಗ 1930ರಿಂದ 1932ರ ನಡುವೆ ಒಂದೊಂದೇ ಕಲ್ಲು ಬಿಚ್ಚಿ ಈಗಿನ ಜಾಗಕ್ಕೆ ತಂದು ಕಟ್ಟಿದರು. ಬಸ್ ನೆಚ್ಚಿಕೊಳ್ಳಬೇಡಿ. ಟ್ಯಾಕ್ಸಿ ಮಾಡಿ, ಕಾದು ವಾಪಸ್ ಕರೆತರಲು ಮೊದಲೇ ದರ ಮಾತಾಡಿಕೊಳ್ಳಿ. ತೆರೆದಿರುವ ಸಮಯವನ್ನೂ ಮಾಹಿತಿ ಕಚೇರಿಯಲ್ಲಿ ಕೇಳಿ ಹೊರಡಿ. ಮುಚ್ಚಿದ ಬಾಗಿಲಿಗೆ ಅಷ್ಟು ದೂರ ಹೋಗುವುದು ಬೇಡ.

ತೋರೊಗೆ ಬಸ್ ಇದೆ, ಪೂರ್ವಕ್ಕೆ 33 ಕಿಲೋಮೀಟರ್ ದೂರ. ಅಲ್ಲಿನ ಸಾಂತಾ ಮರಿಯಾ ಚರ್ಚಿನ ಪಶ್ಚಿಮ ಬಾಗಿಲಿನ ಶಿಲ್ಪಗಳ ಮೇಲೆ ಮಧ್ಯಯುಗದ ಬಣ್ಣ ಇನ್ನೂ ಉಳಿದಿದೆ. ಬಣ್ಣ ಹೋದ ಕಲ್ಲುಗಳನ್ನೇ ನೋಡಿ ಬಂದವರಿಗೆ ಅದು ಅಚ್ಚರಿ.

12. ಪವಿತ್ರ ವಾರಕ್ಕೆ ಬರುವುದಾದರೆ

ಕನಿಷ್ಠ ಆರು ತಿಂಗಳು ಮುಂಚೆ ರೂಮ್ ಹಿಡಿಯಿರಿ. ಮೆರವಣಿಗೆಯವರ ಚೂಪು ಟೋಪಿಯ ಮುಸುಕು ನೋಡಿ ಗಾಬರಿ ಬೇಡ. ಅಮೆರಿಕದ ಜನಾಂಗದ್ವೇಷಿ ಗುಂಪಿಗೂ ಇದಕ್ಕೂ ಸಂಬಂಧ ಇಲ್ಲ, ಪಶ್ಚಾತ್ತಾಪ ಪಡುವವನ ಗುರುತು ಮರೆಸುವ ಈ ಉಡುಪು ಶತಮಾನಗಳಷ್ಟು ಹಳೆಯದು. ಸೆವಿಲ್ಲೆಯ ಸಡಗರ ಇಲ್ಲಿಲ್ಲ. ಝಮೋರಾದ್ದು ಮೌನದ ಮೆರವಣಿಗೆ.

ಬುಧವಾರ ಸಂಜೆ ಕ್ಯಾಥೆಡ್ರಲ್ ಎದುರು ಸಾವಿರಾರು ಜನ ಮೊಣಕಾಲೂರಿ ಮೌನದ ಪ್ರಮಾಣ ಮಾಡುತ್ತಾರೆ. ಅದೇ ಮಧ್ಯರಾತ್ರಿ ಒಲಿವಾರೆಸ್‌ನಿಂದ ಕುರಿಗಾಹಿಗಳ ಕಂದು ಕಂಬಳಿ ಹೊದ್ದ ಗಂಡಸರು ಲಾಟೀನು ಹಿಡಿದು ಹೊರಡುತ್ತಾರೆ. ಗುರುವಾರ ರಾತ್ರಿ ವಿರಿಯಾತೊ ಚೌಕದಲ್ಲಿ ಗಂಡಸರ ದೊಡ್ಡ ಮೇಳ ಮಿಸೆರೇರೆ ಎಂಬ ಪಶ್ಚಾತ್ತಾಪದ ಪ್ರಾರ್ಥನೆ ಹಾಡುತ್ತದೆ. ಶುಕ್ರವಾರ ಬೆಳಗಿನ ಜಾವ ಐದಕ್ಕೆ ಪ್ಲಾಸಾ ಮಯೋರ್‌ನಿಂದ ಇನ್ನೊಂದು ಮೆರವಣಿಗೆ, ನಡುವೆ ನಿಂತು ಬಿಸಿ ಬೆಳ್ಳುಳ್ಳಿ ಸಾರು ಕುಡಿದು ಮುಂದುವರಿಯುತ್ತದೆ. ಎಲ್ಲವನ್ನೂ ನೋಡಲು ಹೋದರೆ ನಿದ್ದೆ ಇರುವುದಿಲ್ಲ. ಬುಧವಾರ ಮತ್ತು ಗುರುವಾರ ರಾತ್ರಿ ಸಾಕು ಎಂದು ನನ್ನ ಮಾತು. ಫ್ಲ್ಯಾಶ್ ಬೇಡ, ಮಾತು ಬೇಡ, ಫೋನ್ ಸೈಲೆಂಟ್. ರಾತ್ರಿ ಚಳಿ ಜೋರು, ದಪ್ಪ ಜಾಕೆಟ್ ಬೇಕೇ ಬೇಕು.

13. ಹೊರಡುವಾಗ

ಇಲ್ಲಿಂದ ಗಲೀಷಿಯಾದ ಸಾಂತಿಯಾಗೊಗೆ ನೇರ ರೈಲಿದೆ. ಮ್ಯಾಡ್ರಿಡ್‌ಗೆ ವಾಪಸಾಗುವವರಿಗೆ ಒಂದು ಕೆಲಸ ಬಾಕಿ ಇದೆ. ಝಮೋರಾದ ಅತಿ ಪ್ರಸಿದ್ಧ ವಸ್ತು ಝಮೋರಾದಲ್ಲಿ ಇಲ್ಲ. ಕೊರ್ದೊಬಾದ ಖಲೀಫ ಎರಡನೇ ಅಲ್ ಹಕಮ್ ತನ್ನ ಪ್ರೇಯಸಿ ಸುಬ್‌ಹ್‌ಗಾಗಿ 964ರಲ್ಲಿ ಮಾಡಿಸಿದ ದಂತದ ಡಬ್ಬಿ ಅದು. ನವಿಲು, ಜಿಂಕೆ, ಬಳ್ಳಿಗಳ ಕೆತ್ತನೆ ಇದೆ. ಹೇಗೋ ಈ ಕ್ಯಾಥೆಡ್ರಲ್ ಸೇರಿತ್ತು. 1911ರಲ್ಲಿ ಚರ್ಚಿನವರು ಅದನ್ನು ವ್ಯಾಪಾರಿಗೆ ಮಾರಿದರು, ಕೊನೆಗೆ ಸರ್ಕಾರ ಕೊಂಡಿತು. ಈಗ ಮ್ಯಾಡ್ರಿಡ್‌ನ ಸೆರ್ರಾನೊ ಬೀದಿಯ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂನಲ್ಲಿದೆ. ಶನಿವಾರ ಮಧ್ಯಾಹ್ನ ಎರಡರ ನಂತರ ಮತ್ತು ಭಾನುವಾರ ಬೆಳಿಗ್ಗೆ ಪ್ರವೇಶ ಉಚಿತ, ಸೋಮವಾರ ರಜೆ. ಭಾನುವಾರ ಬೆಳಿಗ್ಗೆ ಬೇಗನೆ ರೈಲು ಹಿಡಿದರೆ ಮಧ್ಯಾಹ್ನ ಮುಚ್ಚುವ ಮುಂಚೆ ಆರಾಮವಾಗಿ ತಲುಪಬಹುದು.